ತೊಳೆನೀರಿನ ಗಡಿಗೆ

ನಮ್ಮೂರಿನಲ್ಲಿ ಬೀಗ ಮಾರುವ ಅಂಗಡಿ ಇಲ್ಲ. ಒಂದು ಸಲ ಹೊರಗಿನ ವ್ಯಾಪಾರಿಯೊಬ್ಬ ಒಂದು ಮೂಟೆ ಬೀಗ ತಂದು ಸಂತೆಯಲ್ಲಿ ಹರವಿಕೊಂಡು ಹೊತ್ತು ಮುಳುಗುವ ತನಕ ಕೂತಿದ್ದ. ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆ ಇಡಲು ಆದೀತೆಂದು ಹೆಂಗಸರು ಎರಡು ಕೊಂಡರು, ಅಷ್ಟೇ. ನಮ್ಮ ಬಾಗಿಲುಗಳಿಗೆ ಕೈ ಗೊತ್ತು. ಹೊರಗಿನಿಂದ ಬಂದು ಅಂಗೈ ಊರಿದರೆ, ಮನೆಯವರಾದರೆ ತೆರೆದುಕೊಳ್ಳುತ್ತದೆ, ಅಲ್ಲದಿದ್ದರೆ ಇಲ್ಲ. ಒಳಗಿನಿಂದ ಮಾತ್ರ ಯಾರು ಬೇಕಾದರೂ ತೆಗೆಯಬಹುದು. ಮನೆಯವರು ಯಾರು, ಹೊರಗಿನವರು ಯಾರು ಎಂದು ತೀರ್ಮಾನಿಸುವುದು ಊರಿನ ಹಿರಿಯರಲ್ಲ. ಹಿತ್ತಿಲಲ್ಲಿ ಬಚ್ಚಲ ಪಕ್ಕ ಕೂತಿರುತ್ತದಲ್ಲ ತೊಳೆನೀರಿನ ಗಡಿಗೆ, ಅದು.

ತೊಳೆನೀರು ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಅಂಟುವಾಳದ ಕಾಯಿಯನ್ನು ಜಜ್ಜಿ ಬೀಜ ತೆಗೆದು ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಆರಿದ ಮೇಲೆ ನೊರೆ ಬರುವಂತೆ ಕಿವುಚಿ ಸೋಸಬೇಕು. ಹಿಂಡಿದ ನಿಂಬೆಹಣ್ಣಿನ ಸಿಪ್ಪೆ, ಅದರ ಮೂರರಲ್ಲೊಂದು ಪಾಲು ಬೆಲ್ಲ, ಮುಳುಗುವಷ್ಟು ನೀರು ಹಾಕಿ ಗಡಿಗೆಯಲ್ಲಿ ಹುಳಿ ಬರಿಸಬೇಕು. ದಿನಾ ಬೆಳಿಗ್ಗೆ ಮುಚ್ಚಳ ಎತ್ತಿ ಗಾಳಿ ಬಿಡಿಸದಿದ್ದರೆ ಗಡಿಗೆ ಸಿಡಿಯುತ್ತದೆ. ಎರಡೂ ಸೇರಿದರೆ ನೆಲಕ್ಕೂ ಅದೇ, ಪಾತ್ರೆಗೂ ಅದೇ, ಬಟ್ಟೆಗೂ ಅದೇ. ಗಡಿಗೆಯನ್ನು ಬರಿದಾಗಲು ಬಿಡಬಾರದು. ಕಾಲುಭಾಗ ಇರುವಾಗಲೇ ಹೊಸದನ್ನು ಸುರಿದರೆ ಹಳೆಯದೇ ಹೊಸದಕ್ಕೆ ಹೆಪ್ಪಾಗುತ್ತದೆ.

ಇಷ್ಟು ಎಲ್ಲ ಮನೆಗೂ ಒಂದೇ. ಬೇರೆಯಾಗುವುದು ಮನೆಯವರ ಪಾಲಿನಲ್ಲಿ. ಮನೆಯ ಒಬ್ಬೊಬ್ಬರೂ ತಮ್ಮದೆಂದು ಒಂದು ವಸ್ತುವನ್ನು ತಮ್ಮ ಕೈಯಾರೆ ಹದಮಾಡಿ ಗಡಿಗೆಗೆ ಹಾಕುತ್ತಾರೆ. ಹೊಸ್ತಿಲು ತೊಳೆಯುವುದು ಆ ನೀರಿನಲ್ಲೇ ಆದ್ದರಿಂದ ಒಂದು ಸಲ ಹಾಕಿದರೆ ಸಾಕು, ಆ ಗಡಿಗೆ ಇರುವವರೆಗೂ ಬಾಗಿಲು ಆ ಕೈಯನ್ನು ಮರೆಯುವುದಿಲ್ಲ. ಒಬ್ಬರು ಪಾಲು ಹಾಕುವಾಗ ಉಳಿದವರು ಬೆನ್ನು ತಿರುಗಿಸಿ ನಿಲ್ಲಬೇಕು, ನೋಡಬಾರದು. ಯಾಕೆ ಅಂದರೆ ನನಗೂ ಗೊತ್ತಿಲ್ಲ. ಸ್ನಾನ ಮಾಡುವವರನ್ನು ನೋಡಬಾರದು ಅನ್ನುವುದಕ್ಕೆ ಯಾರಾದರೂ ಕಾರಣ ಕೇಳುತ್ತಾರೆಯೇ?

ನಮ್ಮ ಮನೆಯಲ್ಲಿ ಮೂರು ಪಾಲು. ಅವ್ವನದು ಹೇರಳೆಕಾಯಿ ಸಿಪ್ಪೆ. ಅಕ್ಕ ಚೆನ್ನಾಜಿಯದು ಲಾವಂಚದ ಬೇರು. ನನ್ನದು ನಿಂಬೆ ಘಮದ ಮಜ್ಜಿಗೆಹುಲ್ಲು. ಅಪ್ಪನದು ಏನಿತ್ತೋ ನನಗೆ ನೆನಪಿಲ್ಲ, ನಾನು ತೆವಳುವಾಗಲೇ ಅಪ್ಪ ಹೋದ. ನನ್ನ ಹೆಸರು ಸಾಕಮ್ಮ. ಎರಡನೆಯದೂ ಹೆಣ್ಣಾಯಿತು, ಇನ್ನು ಸಾಕು ಎಂದು ಇಟ್ಟ ಹೆಸರು. ದೇವರು ಅದನ್ನು ಅಕ್ಷರಶಃ ಕೇಳಿಸಿಕೊಂಡು ಅಪ್ಪನನ್ನೇ ಕರೆದುಕೊಂಡ ಎಂದು ಅವ್ವ ಹೇಳುತ್ತಿದ್ದಳು.

ಅಕ್ಕ ಮನೆ ಬಿಟ್ಟು ಹೋಗಿದ್ದು ಒಂದು ಪೊಟ್ಟಣ ಸೋಪಿನ ಪುಡಿಯಿಂದ. ಅವ್ವ ನಾಲ್ಕು ಮನೆಗೆ ಅಂಟುವಾಳ ಜಜ್ಜಿ ಕೊಡುತ್ತಿದ್ದಳು, ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದಳು, ಅಂಗೈ ಬಿರಿದು ಗೆರೆಗಳಲ್ಲಿ ರಕ್ತ ಜಿನುಗುತ್ತಿತ್ತು. "ಅವ್ವನ ಕೈ ನೋಡಿದ್ಯೇನೇ ಸಾಕಿ, ಅನ್ನ ಕಲಸೋವಾಗ ಉರಿ ಅಂತ ಬಾಯಲ್ಲಿ ಗಾಳಿ ಎಳ್ಕತಾಳೆ" ಎಂದು ಅಕ್ಕ ಒಂದು ರಾತ್ರಿ ನನ್ನ ಹತ್ತಿರ ಅತ್ತಿದ್ದಳು. ಸಂತೆಗೆ ಬಂದ ಹೊರಗಿನವನು ಒಂದು ಪೊಟ್ಟಣ ಪುಡಿ ತೋರಿಸಿ, ಇದನ್ನು ಹಾಕಿದರೆ ಉಜ್ಜುವುದೇ ಬೇಡ ಅಂದನಂತೆ. ಅಕ್ಕ ತಂದು ಯಾರಿಗೂ ಹೇಳದೆ ಗಡಿಗೆಗೆ ಸುರಿದಳು. ಮಾರನೇ ದಿನ ಅದೇ ನೀರಿನಲ್ಲಿ ಹೊಸ್ತಿಲು ತೊಳೆದು ಮೂವರೂ ಬಾವಿಗೆ ಹೋಗಿ ಬಂದೆವು. ಬಾಗಿಲು ತೆರೆಯಲಿಲ್ಲ. ಅವ್ವ ಊರಿದಳು, ಅಕ್ಕ ಊರಿದಳು, ನಾನು ಊರಿದೆ. ಅಪರಿಚಿತರ ಮನೆಯ ಮುಂದೆ ನಿಂತ ಹಾಗಾಯಿತು.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಜಗಲಿಯ ಮೇಲೆ ಕೂತೆವು. ಬೀದಿಯೆಲ್ಲ ಬಂದು ನೋಡಿತು. ಸ್ವಂತ ಮನೆಗೆ ಬೇಡವಾದವರು ಅನ್ನುವುದಕ್ಕಿಂತ ದೊಡ್ಡ ಅವಮಾನ ನಮ್ಮೂರಲ್ಲಿಲ್ಲ. ಕೊನೆಗೆ ಎದುರು ಮನೆಯ ಪುಟ್ಟಸ್ವಾಮಣ್ಣ ಹೆಂಚು ಸರಿಸಿ ಒಳಗೆ ಇಳಿದು ಬಾಗಿಲು ತೆಗೆದ. ಅವ್ವ ಯಾರ ಜೊತೆಗೂ ಮಾತಾಡದೆ ನೇರ ಹಿತ್ತಿಲಿಗೆ ಹೋಗಿ ಗಡಿಗೆಯನ್ನು ಚರಂಡಿಗೆ ಬಗ್ಗಿಸಿದಳು. ನೊರೆ ಬೀದಿಯ ತನಕ ಹರಿಯಿತು. ಅಕ್ಕ ಏನೋ ಹೇಳಲು ಬಾಯಿ ತೆಗೆದಳು. ಅವ್ವ ಅದೇ ಬಿರಿದ ಕೈಯಲ್ಲಿ ಕೆನ್ನೆಗೆ ಒಂದು ಬಾರಿಸಿ, "ಈ ನೀರಿನ ಹಿಂದೇನೇ ನೀನೂ ಹೋಗು" ಅಂದಳು.

ಅಕ್ಕ ಹೋದಳು. ಸಿಟ್ಟಿನಲ್ಲಿ ಆಡಿದ ಮಾತನ್ನು ಯಾರಾದರೂ ಹಾಗೆ ಪಾಲಿಸುತ್ತಾರೆಯೇ? ನಾವು ಹುಡುಕಲು ಹೊರಟಾಗ ಅವಳು ಊರ ಗಡಿ ದಾಟಿ ಎರಡು ಹರದಾರಿ ಆಗಿತ್ತು. ಆಮೇಲೆ ಬೆಟ್ಟದ ಆಚೆ ಯಾವುದೋ ಊರಿನ ಛತ್ರದಲ್ಲಿ ಅಡಿಗೆಗೆ ಇದ್ದಾಳೆ ಎಂದು ಒಬ್ಬರು ಹೇಳಿದರು. ಹೋಗಿ ನೋಡಿದರೆ ಛತ್ರವೂ ಇರಲಿಲ್ಲ.

ಅಕ್ಕ ಹೋದ ದಿನ ಸಂಜೆಯೇ ಅವ್ವ ಹೊಸ ಗಡಿಗೆ ಹೂಡಿದಳು. ಕಣ್ಣು ಊದಿತ್ತು, ಕೈ ಮಾತ್ರ ನಿಲ್ಲಲಿಲ್ಲ. ನಾನು ನನ್ನ ಹುಲ್ಲು ಹಾಕಿದೆ. ಅಟ್ಟದ ಕೆಳಗೆ ಮೊರದಲ್ಲಿ ಬಟ್ಟೆಯ ಪೆಟ್ಟಿಗೆಗೆಂದು ಅಕ್ಕ ಹಿಂದಿನ ದಿನ ಕಟ್ಟಿಟ್ಟಿದ್ದ ಲಾವಂಚದ ಒಂದು ಸಣ್ಣ ಕಟ್ಟು ಸಿಕ್ಕಿತು. ಕೆಂಪು ದಾರದಲ್ಲಿ ಬಿಗಿದು, ಅವಳಿಗೆ ಮಾತ್ರ ಬರುತ್ತಿದ್ದ ಗಂಟು ಹಾಕಿದ್ದಳು. ಅವ್ವ ಅದನ್ನು ಎದೆಗೆ ಒತ್ತಿಕೊಂಡು, "ಅವಳ ಕೈಯಿಂದ ಕಟ್ಟಿದ್ದು. ಅವಳೇ ಹಾಕಿದ ಲೆಕ್ಕ" ಎಂದು ಗಡಿಗೆಗೆ ಬಿಟ್ಟಳು. ಆಮೇಲೆ ಹೇರಳೆಕಾಯಿ ಹೆಚ್ಚಿ ಸಿಪ್ಪೆ ಬಿಡಿಸಿ, "ತಿರುಕ್ಕೋ, ನಂದು ಹಾಕ್ತೀನಿ" ಅಂದಳು. ನಾನು ಬೆನ್ನು ತಿರುಗಿಸಿ ನಿಂತೆ. ಬುಳುಕ್ ಎಂದು ಸದ್ದಾಯಿತು.

ಅಲ್ಲಿಂದ ಹದಿನಾಲ್ಕು ವರ್ಷ ನಾನೂ ಅವ್ವನೂ ಇಬ್ಬರೇ. ಗಡಿಗೆ ಒಂದು ದಿನವೂ ಬರಿದಾಗಲಿಲ್ಲ. ತೊಳೆಯುವ ಕೆಲಸ ಮುಗಿದ ಮೇಲೆ ಅವ್ವ ಹೊಸ್ತಿಲಿಗೆ ಇನ್ನೊಂದು ಚೊಂಬು ಹೆಚ್ಚಿಗೆ ಸುರಿಯುತ್ತಿದ್ದಳು. ಯಾರಿಗೆ ಎಂದು ನಾನು ಕೇಳುತ್ತಿರಲಿಲ್ಲ.

ಅವ್ವನಿಗೆ ಒಂದು ಕೆಟ್ಟ ಚಾಳಿ ಹತ್ತಿಕೊಂಡಿದ್ದೂ ಆಗಲೇ. ಹೊರಗೆ ಹೋದವಳು ಕೈ ತುಂಬ ಏನಾದರೂ ಹೊತ್ತುಕೊಂಡೇ ಬರುತ್ತಿದ್ದಳು. ಒಂದು ಸೊಂಟದಲ್ಲಿ ಹಿತ್ತಾಳೆ ಕೊಡ, ಇನ್ನೊಂದು ಕೈಯಲ್ಲಿ ಬಕೆಟ್ಟೋ ಸೌದೆಯೋ. ಹೊಸ್ತಿಲ ಮುಂದೆ ನಿಂತು, "ಬಾಗ್ಲು ತೆಗಿಯೇ" ಎಂದು ಕೂಗುವಳು. ನಾನು ಒಲೆಯ ಮುಂದಿರಲಿ, ಬಚ್ಚಲಲ್ಲಿರಲಿ, ಜ್ವರ ಬಂದು ಮಲಗಿರಲಿ, ಎದ್ದು ಬರಬೇಕು.

"ಕೊಡ ಇಳಿಸಿ ಒಂದ್ಸಲ ಅಂಗೈ ಊರಿದ್ರೆ ನಿನ್ ಗಂಟೇನು ಹೋಯ್ತದವ್ವ?"

"ಇಳಿಸಿದ್ರೆ ಮತ್ತೆ ಎತ್ತೋರ್ಯಾರು, ನಿಮ್ಮಪ್ಪ ಬತ್ತಾನ?"

ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಬಂದರೆ ಪುಟ್ಟಸ್ವಾಮಣ್ಣನ ಜಗಲಿಯಲ್ಲಿ ಕೂತು ಕಾಲು ನೋವು ಅನ್ನುತ್ತಿದ್ದಳು. ನಾನು ಬಂದು ಬಾಗಿಲು ತೆಗೆದ ಕೂಡಲೇ ಕಾಲು ನೋವು ಹೋಗುತ್ತಿತ್ತು. ಪಕ್ಕದೂರಿನಿಂದ ನನಗೆ ಎರಡು ಗಂಡು ಬಂದವು. ಎರಡಕ್ಕೂ ಅವ್ವ ಏನೋ ಕೊಂಕು ತೆಗೆದು ಕಳಿಸಿದಳು. ಒಬ್ಬನ ಕಿವಿ ದೊಡ್ಡದಂತೆ. ದೊಡ್ಡ ಕಿವಿಯವನ ಮನೆಯಲ್ಲಿ ನಾನು ಸುಖವಾಗಿರುತ್ತಿದ್ದೆನೋ ಏನೋ, ಯಾರಿಗೆ ಗೊತ್ತು. ಮೂರನೆಯದು ಬರಲಿಲ್ಲ.

ಇದೆಲ್ಲ ಹೇಳಿದ್ದು ಯಾಕೆಂದರೆ, ಹೋದ ವರ್ಷಕ್ಕೆ ಮುಂಚಿನ ವರ್ಷ ಅವ್ವ ತೀರಿಕೊಂಡಳು. ಬೆಳಿಗ್ಗೆ ಗಡಿಗೆಯ ಮುಚ್ಚಳ ಎತ್ತಿ ಗಾಳಿ ಬಿಡಿಸಿದವಳು ಹಾಗೆಯೇ ಗೋಡೆಗೆ ಒರಗಿ ಕೂತಳು. ನಾನು ಕಾಫಿ ತಂದಾಗ ಮುಚ್ಚಳ ಇನ್ನೂ ಕೈಯಲ್ಲಿತ್ತು.

ನಮ್ಮಲ್ಲಿ ಸತ್ತವರು ತಕ್ಷಣ ಹೋಗುವುದಿಲ್ಲ. ಅವರ ಪಾಲು ಗಡಿಗೆಯಲ್ಲಿ ಇರುವಷ್ಟು ದಿನ, ತಮ್ಮ ಹೊತ್ತಿಗೆ ಬಾಗಿಲು ತೆಗೆದುಕೊಂಡು ಬರುತ್ತಾರೆ. ಪುಟ್ಟಸ್ವಾಮಣ್ಣನ ಅಪ್ಪ ಹತ್ತು ದಿನವೂ ನಾಲ್ಕು ಗಂಟೆಗೆ ಬಂದ. ಬಾಗಿಲು ತೆರೆಯುತ್ತಿತ್ತು, ಮಂಚ ಕಿರ್ ಅನ್ನುತ್ತಿತ್ತು, ಇಟ್ಟ ಕಾಫಿ ಬೇಗ ಆರುತ್ತಿತ್ತು. ಆದರೆ ಹೋಗಬೇಕಾದವರನ್ನು ಹೊಸ್ತಿಲಲ್ಲಿ ಬಹಳ ದಿನ ನಿಲ್ಲಿಸಬಾರದು, ಅವರಿಗೆ ಆಯಾಸ. ಹನ್ನೊಂದನೇ ದಿನ ಗಡಿಗೆ ಬಗ್ಗಿಸಿ, ಇರುವವರು ಹೊಸದಾಗಿ ಪಾಲು ಹಾಕಿ ಬೇರೆ ಹೂಡಬೇಕು. ಹಳೇ ಗಡಿಗೆಯಲ್ಲಿ ನೆಂದ ವಸ್ತು ಹೊಸದಕ್ಕೆ ಆಗದು. ದೂರ ಹೋದವರಿಗೆ ಹೇಳಿಕಳಿಸುತ್ತಾರೆ, ಬಂದು ಹಾಕಿದರೆ ಸರಿ. ಬರದಿದ್ದರೆ ಆ ಬಾಗಿಲಿಗೆ ಅವರು ಯಾರೋ.

ಅಕ್ಕನಿಗೆ ಹೇಳಿಕಳಿಸುವುದಾದರೂ ಎಲ್ಲಿಗೆ? ಗಡಿಗೆ ಬಗ್ಗಿಸಿದರೆ ಅವಳ ಕೆಂಪು ದಾರದ ಕಟ್ಟೂ ಚರಂಡಿಗೆ. ಯಾವತ್ತಾದರೂ ಬಂದು ಅಂಗೈ ಊರಿದರೆ, ಅವತ್ತು ಬಿಸಿಲಲ್ಲಿ ನಿಂತ ಹಾಗೆಯೇ ಮತ್ತೆ ನಿಲ್ಲಬೇಕು. ಬಗ್ಗಿಸದಿದ್ದರೆ ಅವ್ವನಿಗೆ ಬಿಡುಗಡೆಯಿಲ್ಲ. ಹತ್ತು ದಿನ ನನ್ನ ತಲೆಯಲ್ಲಿ ಇದೇ ರುಬ್ಬುತ್ತಿತ್ತು. ಒಂದು ಮಾತು ಮುಚ್ಚಿಡುವುದಿಲ್ಲ. ಬಗ್ಗಿಸಬಾರದು ಎಂದು ಅನ್ನಿಸಿದ್ದು ಅಕ್ಕನಿಗಾಗಿ ಮಾತ್ರವಲ್ಲ. ಅವ್ವ ಬರುತ್ತಾಳಲ್ಲ ಅನ್ನುವ ಆಸೆ ನನಗಿತ್ತು.

ಅವ್ವ ಬಾವಿಯಿಂದ ಬರುವ ಹೊತ್ತು ಮಧ್ಯಾಹ್ನ ಮೂರು. ಮೂರನೇ ದಿನದಿಂದ ನಾನು ಎರಡಕ್ಕೇ ನಡುಮನೆ ಒರೆಸಿ, ಅವಳು ಕೂರುವ ಮಣೆ ಹಾಕಿ, ಎಲೆ ಅಡಿಕೆ ಇಟ್ಟು ಬಾಗಿಲು ನೋಡುತ್ತಾ ಕೂರುತ್ತಿದ್ದೆ. ಬಾಗಿಲು ಅಲುಗಲಿಲ್ಲ. ನಾಲ್ಕನೇ ದಿನವೂ ಇಲ್ಲ, ಐದನೇ ದಿನವೂ ಇಲ್ಲ. ಏಳನೇ ದಿನ ನನಗೆ ಸಿಟ್ಟು ಬಂತು. ಕೂಗಿದಾಗಲೆಲ್ಲ ಎದ್ದು ಬಂದೆನಲ್ಲ, ಈಗ ನಾನು ಕಾಯುತ್ತಿದ್ದರೆ ಒಂದು ಸಲ ಬರಲಾರೆಯಾ ಎಂದು ಖಾಲಿ ಮಣೆಯನ್ನು ಬೈದೆ. ಹತ್ತನೇ ದಿನ ಬಯ್ಯಲಿಲ್ಲ, ಬರೀ ಅತ್ತೆ.

ಹನ್ನೊಂದನೇ ದಿನ ಹೊನ್ನಜ್ಜಿ ಬಂದಳು. ನಮ್ಮೂರಿನ ಗಡಿಗೆಗಳನ್ನೆಲ್ಲ ಬಗ್ಗಿಸುವವಳು ಅವಳೇ. ತೊಂಬತ್ತರ ಹತ್ತಿರ, ಕಣ್ಣು ಮಂದ, ಮೂಗು ಮಾತ್ರ ಚುರುಕು. ಯಾವ ಗಡಿಗೆಯಲ್ಲಿ ಎಷ್ಟು ಜನರ ಪಾಲಿದೆ ಎಂದು ಬಗ್ಗಿ ಒಂದು ಉಸಿರು ಎಳೆದು ಹೇಳುತ್ತಾಳೆ. ನಾನು ಗಡಿಗೆಗೆ ಅಡ್ಡ ನಿಂತೆ.

"ಬಗ್ಸಬ್ಯಾಡ ಅಜ್ಜಿ. ಅಕ್ಕ ಬಂದ್ರೆ ಏನ್ ಮಾಡ್ಲಿ?"

"ಬರೋದಾಗಿದ್ರೆ ಬತ್ತಿರ್ಲಿಲ್ವ ಇಷ್ಟೊತ್ತಿಗೆ? ಇದ್ದೋಳಿಗೋಸ್ಕರ ಸತ್ತೋಳ್ನ ಬಾಗ್ಲಲ್ಲಿ ನಿಲ್ಲಿಸ್ತೀಯಾ? ನಿಮ್ಮವ್ವಂಗೆ ಕಾಲು ನೋಯಲ್ವ?" ಅಂದಳು ಹೊನ್ನಜ್ಜಿ. ಆಮೇಲೆ ದನಿ ತಗ್ಗಿಸಿ, "ಎಷ್ಟ್ ಸಲ ಬಂದ್ಲಮ್ಮಿ?" ಎಂದು ಕೇಳಿದಳು.

"ಒಂದ್ ಸಲಾನೂ ಬರ್ಲಿಲ್ಲ."

ಹೊನ್ನಜ್ಜಿ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಮುಚ್ಚಳ ತೆಗೆದು ಬಗ್ಗಿದಳು. ಒಂದು ಸಲ ಉಸಿರೆಳೆದಳು. ಸೆರಗಿನಿಂದ ಮೂಗು ಒರೆಸಿಕೊಂಡು ಇನ್ನೊಂದು ಸಲ ಎಳೆದಳು. "ನಿಂಬೆ ಐತೆ. ನಿನ್ ಹುಲ್ಲೈತೆ. ಲಾವಂಚ ಐತೆ. ಹೇರಳೆ ಎಲ್ಲಮ್ಮಿ?" ಅಂದಳು.

ಇದ್ದೇ ಇದೆ, ನಾನು ಬೆನ್ನು ತಿರುಗಿಸಿ ನಿಂತಾಗ ಅವ್ವ ಹಾಕಿದಳು, ಸದ್ದು ಕೇಳಿದೆ ಎಂದು ಹೇಳಿದೆ. ಹೊನ್ನಜ್ಜಿ ತೋಳು ಏರಿಸಿ ಗಡಿಗೆಯೊಳಗೆ ಕೈ ಇಳಿಸಿ ತಳವನ್ನೆಲ್ಲ ತಡವಿದಳು. ಮೊದಲು ಕೆಂಪು ದಾರದ ಕಟ್ಟು ಬಂತು. ದಾರದ ಬಣ್ಣ ಹೋಗಿತ್ತು, ಗಂಟು ಹಾಗೇ ಇತ್ತು. ಅದನ್ನು ಮೆಲ್ಲಗೆ ಮತ್ತೆ ಒಳಗೆ ಬಿಟ್ಟು, ಇನ್ನೊಂದು ಸಲ ತಡವಿ, ಒಂದು ಕಲ್ಲು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬೆಳ್ಳುಳ್ಳಿ ಜಜ್ಜುವ ನಮ್ಮ ಗುಂಡುಕಲ್ಲು. ಹದಿನಾಲ್ಕು ವರ್ಷದ ಹಿಂದೆ ಅದು ಕಾಣೆಯಾಗಿತ್ತು. ಎಲ್ಲಿ ಕಳೆದೆ, ಕಣ್ಣು ಕುಂಡೆಯ ಮೇಲಿತ್ತಾ ಎಂದು ಅವ್ವ ನನ್ನನ್ನೇ ವಾರಗಟ್ಟಲೆ ಬೈದಿದ್ದಳು.

"ನಿಮ್ಮವ್ವ ಪಾಲು ಹಾಕ್ಲೇ ಇಲ್ಲ. ನಿನ್ ಕಿವಿಗೆ ಕಲ್ಲು ಹಾಕವ್ಳೆ" ಅಂದಳು ಹೊನ್ನಜ್ಜಿ. "ಮುಂದಾಗಿ ಸಾಯೋಳು ನಾನೇ ಅಂತ ಗೊತ್ತಿತ್ತು ಅವಳ್ಗೆ. ನನ್ ಪಾಲಿದ್ರೆ ನಾನ್ ಸತ್ತಾಗ ಗಡಿಗೆ ಬಗ್ಗುಸ್ತಾರೆ, ಹೋದ ಮಗಳಿಗೆ ಬಾಗ್ಲು ಮುಚ್ಚೋಯ್ತದೆ ಅಂತ. ಬಗ್ಸೋ ಹಂಗಿಲ್ಲ ಕಣಮ್ಮಿ ಇದ್ನ. ಇದ್ರಲ್ಲಿ ಸತ್ತೋರು ಯಾರೂ ಇಲ್ಲ." ಹೀಗೆಂದು ಮುಚ್ಚಳ ಮುಚ್ಚಿ, ಕೈ ತೊಳೆದುಕೊಂಡು ಹೊರಟುಹೋದಳು.

ನಾನು ಕಲ್ಲು ಹಿಡಿದು ಅಲ್ಲೇ ಕೂತೆ. ಬಾಗ್ಲು ತೆಗಿಯೇ. ಬಾಗ್ಲು ತೆಗಿಯೇ. ಆ ಬಾಗಿಲಿಗೆ ಹದಿನಾಲ್ಕು ವರ್ಷದಿಂದ ಅವ್ವ ಯಾರೋ. ಅದಕ್ಕೇ ಕೈ ತುಂಬ ಹೊರೆ, ಅದಕ್ಕೇ ಕಾಲು ನೋವು, ಅದಕ್ಕೇ ಗಂಡುಗಳ ಕಿವಿ ದೊಡ್ಡದು. ನಾನು ಹೋಗಿಬಿಟ್ಟರೆ ಅವಳನ್ನು ಒಳಗೆ ಕರೆದುಕೊಳ್ಳುವವರು ಯಾರು? ಹೋದವಳಿಗೆ ಬಾಗಿಲು ಉಳಿಸಲು, ಇದ್ದವಳನ್ನು ಅಗುಳಿ ಮಾಡಿಟ್ಟುಕೊಂಡಿದ್ದಳು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಒಂದು ಮಾತು ನನಗೆ ಹೇಳಬಹುದಿತ್ತು. ಹೇಳಿದ್ದರೆ ನಾನು ಗೊಣಗದೆ ಬಾಗಿಲು ತೆಗೆಯುತ್ತಿದ್ದೆ. ಆ ಹೊಟ್ಟೆಯುರಿಯ ಕೆಳಗೇ, ಬಿಸಿಲಲ್ಲಿ ಕೊಡ ಹೊತ್ತು ನಿಂತು ನಾನು ಬರುವ ತನಕ ಕಾಯುತ್ತಿದ್ದ ಅವಳ ಮುಖ ನೆನಪಾಗಿ, ಆ ಮುಖವನ್ನು ಇನ್ನೊಂದು ಸಲ ನೋಡಬೇಕು ಅನ್ನಿಸಿತು.

ನೋಡಲು ದಾರಿಯೂ ಇತ್ತು. ಗಡಿಗೆ ಹೂಡಿದ ಸಂಜೆ ಅವ್ವ ಬಿಡಿಸಿದ ಹೇರಳೆ ಸಿಪ್ಪೆ ಎಲ್ಲಿ ಹೋಯಿತು ಎಂದು ತಲೆಯೆತ್ತಿ ನೋಡಿದೆ. ಒಲೆಯ ಮೇಲೆ ಜಂತೆಗೆ ಒಂದು ಸಿಪ್ಪೆಯ ಸರ ತೂಗುತ್ತಲೇ ಇತ್ತು. ಹೊಗೆ ಹಿಡಿದು ಕಪ್ಪಾಗಿತ್ತು. ಕೆಮ್ಮಿಗೋ ಏನಕ್ಕೋ ಇಟ್ಟಿದ್ದಾಳೆ ಎಂದು ನಾನು ಅದರ ಕೆಳಗೆ ವರ್ಷಗಟ್ಟಲೆ ಅಡಿಗೆ ಮಾಡಿದ್ದೆ. ಇಳಿಸಿ, ಒಂದು ಚೂರು ಮುರಿದು ಮೂಸಿದೆ. ಅವ್ವನ ಕೈ. ಅವಳ ಕೈಯಾರೆ ಹದ ಮಾಡಿದ್ದು, ಗಡಿಗೆಗೆ ಬಿಟ್ಟರೆ ಅವಳೇ ಹಾಕಿದ ಲೆಕ್ಕ. ಬಿಟ್ಟರೆ ಇವತ್ತು ಮೂರು ಗಂಟೆಗೆ ಅವ್ವ ಬರುತ್ತಾಳೆ. ತಾನೇ ಬಾಗಿಲು ತೆಗೆದುಕೊಂಡು, ಯಾರನ್ನೂ ಕೂಗದೆ ಬರುತ್ತಾಳೆ. ನಾಳೆ ಗಡಿಗೆ ಬಗ್ಗಿಸಬೇಕಾಗುತ್ತದೆ.

ಗಡಿಗೆಯ ಮುಚ್ಚಳ ತೆಗೆದು ಸಿಪ್ಪೆಯ ಚೂರನ್ನು ನೀರಿನ ಮೇಲೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಒಂದೇ ಒಂದು ಮಧ್ಯಾಹ್ನ ಸಾಕು ಅನ್ನಿಸುತ್ತಿತ್ತು. ಹೆಸರೇ ಸಾಕಮ್ಮ, ಯಾವುದೂ ಸಾಕಾಗಿಲ್ಲ ನನಗೆ. ಕೊನೆಗೆ ಮುಚ್ಚಳ ಮುಚ್ಚಿದೆ. ಹದಿನಾಲ್ಕು ವರ್ಷ ಅವಳು ಹೊರಗೆ ನಿಂತಿದ್ದನ್ನು ಒಂದು ಮಧ್ಯಾಹ್ನಕ್ಕೆ ಮಾರಲು ನನ್ನಿಂದಾಗಲಿಲ್ಲ.

ಆದರೆ ಸಿಪ್ಪೆಯನ್ನು ಮತ್ತೆ ಮೇಲೆ ಕಟ್ಟಲೂ ಧೈರ್ಯ ಬರಲಿಲ್ಲ. ಇಂದಲ್ಲ ನಾಳೆ ಕೈ ತಪ್ಪುತ್ತಿತ್ತು. ಇಡೀ ಸರವನ್ನು ಬಿಸಿನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಕಲ್ಲುಪ್ಪು ಸೇರಿಸಿ, ಅವ್ವನ ಹಿತ್ತಾಳೆ ಕೊಡವನ್ನು ಅದರಲ್ಲೇ ಉಜ್ಜಿದೆ. ಕಂಠ, ಹೊಟ್ಟೆ, ಸೊಂಟಕ್ಕೆ ಒತ್ತಿ ಒತ್ತಿ ನೆಗ್ಗಿದ ಜಾಗ, ಎಲ್ಲ ಉಜ್ಜಿದೆ. ಸಿಪ್ಪೆಯೆಲ್ಲ ನುಣ್ಣಗೆ ಅರೆದುಹೋಗುವ ತನಕ ಉಜ್ಜಿದೆ. ಉಳಿದ ಗಸಿಯನ್ನು ಬಾಳೆಯ ಬುಡಕ್ಕೆ ಸುರಿದೆ. ಕೊಡ ಫಳಫಳ ಅನ್ನುತ್ತಿತ್ತು. ಅವತ್ತು ಸಂಜೆಯ ತನಕ ಅಡಿಗೆಮನೆಯ ಆ ವಾಸನೆಯಲ್ಲಿ ಅವ್ವ ಇದ್ದಳು, ಆಮೇಲೆ ಹೋದಳು.

ಮಾರನೇ ದಿನದಿಂದ ನೀರಿಗೆ ಆ ಕೊಡವನ್ನೇ ಒಯ್ದೆ. ಸೊಂಟದಲ್ಲಿ ಕೊಡ, ಇನ್ನೊಂದು ಕೈಯಲ್ಲಿ ಬಕೆಟ್ಟು. ಮನೆ ಮುಂದೆ ಬಂದು ನಿಂತಾಗ, ಯಾಕೋ ಕೈ ಊರಲಿಲ್ಲ. "ಬಾಗ್ಲು ತೆಗಿಯೇ" ಎಂದು ಕೂಗಿದೆ. ನನ್ನ ದನಿ ಥೇಟ್ ಅವ್ವನದೇ ಎಂದು ಮೊದಲಿನಿಂದಲೂ ಎಲ್ಲರೂ ಅನ್ನುತ್ತಿದ್ದರು. ನನಗೂ ಅವತ್ತು ಹಾಗೇ ಕೇಳಿಸಿತು. ಒಳಗಿನಿಂದ ಯಾರೂ ಬರುವುದಿಲ್ಲ, ಗೊತ್ತು. ಹೊರಗೆ ನಿಂತು ಕಾಯುವುದು ಹೇಗಿರುತ್ತದೆ ಎಂದು ಸ್ವಲ್ಪ ಹೊತ್ತು ನಿಂತು, ಬಕೆಟ್ಟು ಇಳಿಸಿ, ಅಂಗೈ ಊರಿ ಒಳಗೆ ಹೋದೆ. ದಿನಾ ಹಾಗೆಯೇ ಮಾಡಿದೆ. "ಖಾಲಿ ಮನೇನ ಯಾಕೆ ಹಿಂಗ್ ಕೂಗ್ತೀಯೇ ಸಾಕಮ್ಮ, ಗೋಡೆಗೆ ಕಿವಿ ಬಂದವಾ?" ಎಂದು ಪುಟ್ಟಸ್ವಾಮಣ್ಣ ನಗುತ್ತಿದ್ದ. ನಗಲಿ. ಹೊಸ್ತಿಲಿಗೆ ಇನ್ನೊಂದು ಚೊಂಬು ಹೆಚ್ಚಿಗೆ ಸುರಿಯುವುದನ್ನೂ ನಾನು ಬಿಡಲಿಲ್ಲ.

ಎರಡು ವರ್ಷವಾಯಿತು. ಹೋದ ಮಂಗಳವಾರ ಬಾವಿಯ ಹತ್ತಿರ ಜನ ಹೆಚ್ಚಿದ್ದರು, ಬರುವುದು ತಡವಾಯಿತು. ಬೀದಿಯಲ್ಲಿ ಯಾರೂ ಇರಲಿಲ್ಲ, ಪುಟ್ಟಸ್ವಾಮಣ್ಣನೂ ಒಳಗೆ ಮಲಗಿದ್ದ. ಹೊಸ್ತಿಲ ಮುಂದೆ ನಿಂತು ಎಂದಿನ ಹಾಗೆ, "ಬಾಗ್ಲು ತೆಗಿಯೇ" ಎಂದು ಕೂಗಿದೆ.

ಒಳಗೆ ಮಣೆ ಸರಿದ ಸದ್ದಾಯಿತು.

"ಬಂದೆ ಇರವ್ವ" ಅಂದಿತು ಅಕ್ಕನ ದನಿ. "ಒಬ್ಬಳೇ ಇಷ್ಟ್ ಭಾರ ಯಾಕ್ ಹೊತ್ಕಬಂದೆ, ಸಾಕಿ ಎಲ್ಲಿ ಹೋದ್ಲು?"

ಹೆಜ್ಜೆಗಳು ಬಾಗಿಲ ಕಡೆಗೆ ಬಂದವು. ನಾನು ಕೊಡ ಇಳಿಸದೆ ನಿಂತಿದ್ದೆ.